ಚುಕ್ಕಿ ಇಟ್ಟ ಯಂತ್ರ

ಧನಕವಡಿಯ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಊಟದ ಮೇಜು ಅಂತ ಒಂದಿದೆ. ಅದರ ಮೇಲೆ ಯಾರೂ ಊಟ ಮಾಡಿ ಬಹಳ ದಿನವಾಯಿತು. ಅಲ್ಲೀಗ ಕಪ್ಪು ಬಣ್ಣ ಬಳಿದ ಎರಡಡಿ ಚೌಕದ ಪ್ಲೈವುಡ್ ಹಲಗೆ, ಅದರ ಅಕ್ಕಪಕ್ಕ ಎರಡು ಅಲ್ಯೂಮಿನಿಯಂ ಹಳಿ, ಹಳಿಗಳ ಮೇಲೆ ಹಲ್ಲಿನ ಬೆಲ್ಟು, ಬೆಲ್ಟಿಗೆ ಕಟ್ಟಿದ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯ ತುಂಬ ರಂಗೋಲಿ ಪುಡಿ. ಊರಿಂದ ಬಂದವರೆಲ್ಲ ಮೊದಲು ಇದನ್ನು ನೋಡಿ, ಆಮೇಲೆ ನಮ್ಮನ್ನು ನೋಡಿ, ಊಟ ಎಲ್ಲಿ ಮಾಡುತ್ತೀರಿ ಅಂತ ಕೇಳುತ್ತಾರೆ. ನೆಲದ ಮೇಲೆ ಅನ್ನುತ್ತೇವೆ.

ರಂಗೋಲಿ ಬಿಡಿಸುವ ಯಂತ್ರವೊಂದನ್ನು ಕಟ್ಟಿ, ಅದರಲ್ಲಿ ಏನು ಸೋತೆವು ಅನ್ನುವುದನ್ನು ಬರೆಯುವುದಕ್ಕೆ ಕೂತಿದ್ದೇನೆ. ಕವಿತೆಗೆ, ಕಾದಂಬರಿಗೆ ವಿಮರ್ಶೆ ಇರುವಂತೆ ಯಂತ್ರಕ್ಕೂ ಇರಬೇಕು ಅನ್ನುವುದು ನನ್ನ ಅಂಬೋಣ. ಅದರಲ್ಲೂ ಚಿತ್ರ ಬಿಡಿಸುತ್ತೇನೆ ಅಂತ ಹೇಳಿಕೊಳ್ಳುವ ಯಂತ್ರಕ್ಕೆ ಖಂಡಿತ ಇರಬೇಕು. ನಾನೇ ಕಟ್ಟಿದ್ದರಿಂದ ಪಕ್ಷಪಾತ ಇರುತ್ತದೆ, ಓದುವವರು ಅಷ್ಟನ್ನು ಕಳೆದುಕೊಂಡು ಓದಿ.

ಕಾರಣ ಸರಳ. ಅವ್ವನ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಗುಳೇದಗುಡ್ಡದ ಮನೆಯಲ್ಲಿ ಮೆಟ್ಟಿಲು ಜಾಸ್ತಿ ಅಂತ ಮೇ ತಿಂಗಳಲ್ಲಿ ಪುಣೆಗೆ ಕರೆತಂದೆ. ಇಲ್ಲಿ ಲಿಫ್ಟ್ ಇದೆ. ಬಗ್ಗಬೇಡಿ, ಚಕ್ಕಳಮಕ್ಕಳ ಹಾಕಬೇಡಿ, ಕುಕ್ಕರಗಾಲಲ್ಲಿ ಕೂರಲೇಬೇಡಿ ಅಂತ ವೈದ್ಯರು ಹೇಳಿದ್ದರು. ಐವತ್ತು ವರ್ಷ ದಿನಾ ಬೆಳಿಗ್ಗೆ ಬಗ್ಗಿ ರಂಗೋಲಿ ಹಾಕಿದವಳಿಗೆ ಬಗ್ಗಬೇಡಿ ಅಂದರೆ ಬೆಳಗೇ ಇಲ್ಲ ಅಂದಹಾಗೆ. ಐದೂವರೆಗೆ ಎದ್ದು ಬಾಗಿಲು ತೆಗೆದು ನಿಲ್ಲುತ್ತಿದ್ದಳು. ಹೊರಗೆ ಮೂರಡಿ ಅಗಲದ ಪ್ಯಾಸೇಜು. ಏಳು ಗಂಟೆಗೆ ಒರೆಸುವವರು ಬಂದು ಒದ್ದೆ ಬಟ್ಟೆ ಎಳೆದುಕೊಂಡು ಹೋಗುತ್ತಾರೆ. ಎದುರು ಮನೆಯ ಮರಾಠಿ ಕಾಕುಗಳ ಹೊಸ್ತಿಲಿಗೆ ಅಂಟಿಸಿದ ಪ್ಲಾಸ್ಟಿಕ್ ರಂಗೋಲಿ, ವರ್ಷಪೂರ್ತಿ ಅದೇ ಎಂಟೆಸಳಿನ ಕಮಲ. ಅವ್ವ ಅದನ್ನು ನೋಡಿ ಏನೂ ಅನ್ನುತ್ತಿರಲಿಲ್ಲ. ಒಳಗೆ ಬಂದು ಚಹಾಕ್ಕಿಡುತ್ತಿದ್ದಳು.

ನಾವು ಮೂವರು ಗಂಡುಮಕ್ಕಳು. ಒಬ್ಬನಿಗೂ ರಂಗೋಲಿ ಬರುವುದಿಲ್ಲ. ಬರಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ, ನಮಗಂತೂ ಅನ್ನಿಸಿರಲೇ ಇಲ್ಲ. ಹೀಗಾಗಿ ಯಾವ ಕೆಲಸವನ್ನು ಹುಟ್ಟಿದಾಗಿನಿಂದ ನೋಡುತ್ತ ಒಮ್ಮೆಯೂ ಮಾಡಿರಲಿಲ್ಲವೋ ಆ ಕೆಲಸಕ್ಕೆ ಯಂತ್ರ ಕಟ್ಟಲು ಹೊರಟೆ. ಅವ್ವನನ್ನು ಒಂದು ಮಾತು ಕೇಳಲಿಲ್ಲ. ಅಚ್ಚರಿಯಾಗಲಿ ಅಂತ. ಸಾಫ್ಟ್‌ವೇರ್ ಕೆಲಸದಲ್ಲಿ ಬಳಕೆದಾರರನ್ನು ಕೇಳದೆ ಏನೂ ಮಾಡಬೇಡಿ ಅಂತ ವಾರಕ್ಕೆರಡು ಮೀಟಿಂಗಿನಲ್ಲಿ ಹೇಳುವವನು ನಾನೇ.

ಕೆಳಗಿನ ಮಹಡಿಯಲ್ಲಿ ಬಾಡಿಗೆಗಿರುವ ಎಂಜಿನಿಯರಿಂಗ್ ಹುಡುಗರಿಬ್ಬರು ಜೊತೆಯಾದರು. ಒಬ್ಬ ವಿಜಯಪುರದವನು, ಇನ್ನೊಬ್ಬ ಸೊಲ್ಲಾಪುರದ ಕನ್ನಡದವನು. ಸ್ವಾರಗೇಟಿನ ಬಸ್ಸು ಹಿಡಿದು ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ ಎರಡು ಸ್ಟೆಪ್ಪರ್ ಮೋಟಾರು, ಒಂದು ಆರ್ಡುಯಿನೊ ಬೋರ್ಡು, ಬೆಲ್ಟು, ಗಾಲಿ ತಂದೆವು. ಪ್ಲೈವುಡ್ಡು ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ಟಿನದು. ಲೆಕ್ಕ ಸುಲಭವಾಗಿ ಕೂತಿತು. ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಪ್ರತಿ ಹೆಜ್ಜೆಯನ್ನು 16 ಚೂರು ಮಾಡಿದರೆ 3200. ಗಾಲಿಗೆ 20 ಹಲ್ಲು, ಹಲ್ಲಿಂದ ಹಲ್ಲಿಗೆ 2 ಮಿಲಿಮೀಟರ್, ಅಂದರೆ ಒಂದು ಸುತ್ತಿಗೆ 40 ಮಿಲಿಮೀಟರ್. ಭಾಗಿಸಿದರೆ ಒಂದು ಮಿಲಿಮೀಟರಿಗೆ 80 ಚೂರು ಹೆಜ್ಜೆ. ಯಾರ ಕೈಗೂ ಇಲ್ಲದ ನಿಖರತೆ ಅಂತ ಹುಡುಗರು ಕುಣಿದರು.

ಮೋಟಾರಿಗಿಂತ ಹೆಚ್ಚು ಕಾಡಿದ್ದು ಪುಡಿ. ಡಬ್ಬಿಯ ತಳದಲ್ಲಿ ತೂತು, ತೂತಿಗೆ ಪುಟ್ಟ ಸರ್ವೊ ಮೋಟಾರಿನ ಬಾಗಿಲು. ಬಾಗಿಲು ತೆರೆದರೆ ಪುಡಿ ಬೀಳಬೇಕು. ಜೂನ್ ಮೂರನೇ ವಾರ ಮಳೆ ಹಿಡಿದದ್ದೇ ಪುಡಿ ಬೀಳುವುದನ್ನು ನಿಲ್ಲಿಸಿತು. ಕಾತ್ರಜ ಘಾಟಿನಿಂದ ಇಳಿದು ಬರುವ ತೇವಕ್ಕೆ ಮನೆಯ ಉಪ್ಪು, ಸಕ್ಕರೆ, ರಂಗೋಲಿ ಎಲ್ಲ ಗಂಟು ಕಟ್ಟುತ್ತವೆ. ಹಳೆಯ ಮೊಬೈಲಿನಿಂದ ಕಿತ್ತ ನಡುಗುವ ಮೋಟಾರನ್ನು ಡಬ್ಬಿಗೆ ಅಂಟಿಸಿದೆವು. ಆಗ ಪುಡಿ ಬಿತ್ತು, ಬೇಡದಲ್ಲೂ ಬಿತ್ತು. ಒಳಗಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅವ್ವ ಹೊರಗೆ ಬಂದು ಡಬ್ಬಿ ಬಿಚ್ಚಿಸಿ, ಪುಡಿಯನ್ನು ತವೆಯ ಮೇಲೆ ಹಾಕಿ ರವೆ ಹುರಿದಂತೆ ಹುರಿದು, ಜರಡಿ ಹಿಡಿದು ಕೊಟ್ಟಳು. ಯಂತ್ರ ನಡೆಯಿತು. ಅಚ್ಚರಿ ಅನ್ನುವುದು ಅಲ್ಲಿಗೇ ಮುಗಿದಿತ್ತು.

ಜುಲೈನ ಒಂದು ಭಾನುವಾರ ಅದು ಮೊದಲ ಪೂರ್ತಿ ರಂಗೋಲಿ ಬಿಡಿಸಿತು. ಮೂರು ತಿರುಗುಗುಂಡಿ ಇಟ್ಟಿದ್ದೆವು: ಎಷ್ಟು ಚುಕ್ಕಿ, ಎಷ್ಟು ಸಾಲು, ಯಾವ ವಿನ್ಯಾಸ. ತಿರುಗಿಸಿ, ಕೆಂಪು ಗುಂಡಿ ಒತ್ತಿ, ಕೂತು ನೋಡುವುದು. ಏಳು ಚುಕ್ಕಿ ಏಳು ಸಾಲಿಗೆ ಹನ್ನೊಂದು ನಿಮಿಷ. ಅವ್ವ ಕುರ್ಚಿಯಲ್ಲಿ ಕೂತು ಕೊನೆತನಕ ನೋಡಿದಳು. "ಛಂದ ಐತಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಾ ಏನ್ ಮಾಡ್ಲಿ ಇಲ್ಲಿ?" ಅಂತ ಕೇಳಿದಳು. ನಾನು ಕೆಂಪು ಗುಂಡಿ ತೋರಿಸಿದೆ.

ಈಗಲೂ ಆ ಕ್ಷಣ ನೆನೆದರೆ ಮುಖ ಬಿಸಿಯಾಗುತ್ತದೆ.

ಇಂಥ ಯಂತ್ರಗಳಿಗೆ ಕನ್ನಡದಲ್ಲಿ ಸಂವಾದಿ ಯಂತ್ರ ಅನ್ನುವ ಮಾತು ಓಡಾಡುತ್ತಿದೆ. ಒಳ್ಳೆಯ ಪದವೇ. ಆದರೆ ಸಂವಾದ ಅಂದರೆ ಮಾತು ಎರಡೂ ಕಡೆಯಿಂದ ಬರಬೇಕು, ಮತ್ತು ನಡುವೆ ಬರಬೇಕು. ಒಬ್ಬ ಮೊದಲೇ ವಿಷಯ ಕೊಟ್ಟು ಇನ್ನೊಬ್ಬ ಹನ್ನೊಂದು ನಿಮಿಷ ಮಾತಾಡಿದರೆ ಅದು ಭಾಷಣ. ನಮ್ಮ ಯಂತ್ರದ ಮೂರು ಗುಂಡಿ ಕೊಡುತ್ತಿದ್ದದ್ದು ಹೋಟೆಲಿನ ಮೆನು ಕೊಡುವ ಸ್ವಾತಂತ್ರ್ಯ. ಲಿಫ್ಟಿಗೂ ಗುಂಡಿ ಇದೆ, ಅದನ್ನು ಯಾರೂ ಸಂವಾದಿ ಅನ್ನುವುದಿಲ್ಲ.

ಇದು ಗಣಪತಿ ಹಬ್ಬದಲ್ಲಿ ಇನ್ನೂ ಸ್ಪಷ್ಟವಾಯಿತು. ಕಟ್ಟಡದವರ ಸಾಂಸ್ಕೃತಿಕ ಸಂಜೆಗೆ ಯಂತ್ರವನ್ನು ಕೆಳಗಿಳಿಸಿ ಇಟ್ಟೆವು. ಮಕ್ಕಳ ಸಾಲು ಪಾರ್ಕಿಂಗಿನ ತನಕ. ಪ್ರತಿಯೊಂದು ಮಗು ಒಮ್ಮೆ ಗುಂಡಿ ಒತ್ತಿತು, ಅರ್ಧ ನಿಮಿಷ ನೋಡಿತು, ಹೋಯಿತು. ಎಂಟು ಗಂಟೆಗೆ ಯಾರೂ ಇರಲಿಲ್ಲ. ಆಗ ಆರು ವರ್ಷದ ಒಬ್ಬ ಹುಡುಗ ಓಡುವ ಬೆಲ್ಟನ್ನು ಬೆರಳಿನಿಂದ ಹಿಡಿದು ಎಳೆದ. ಮೋಟಾರು ಗೊರ್ ಅಂದಿತು, ನಾಲ್ಕು ಹಲ್ಲು ಜಾರಿತು, ಮತ್ತೆ ಓಡಿತು. ನಾವು ಹಾಕಿದ್ದ ಮೋಟಾರಿಗೆ ಕಣ್ಣಿಲ್ಲ. ತಾನೆಲ್ಲಿದ್ದೇನೆ ಅಂತ ಅದು ನೋಡುವುದಿಲ್ಲ, ತನಗೆ ಎಷ್ಟು ಹೆಜ್ಜೆ ಹೇಳಿದ್ದಾರೆ ಅಂತ ಎಣಿಸಿಕೊಳ್ಳುತ್ತದೆ ಅಷ್ಟೆ. ಹಾಗಾಗಿ ಚಿತ್ರದ ಉಳಿದರ್ಧ ಎಂಟು ಮಿಲಿಮೀಟರ್ ಪಕ್ಕಕ್ಕೆ ಬಂದು, ಎಳೆಗಳು ಚುಕ್ಕಿಗಳ ಮೇಲೇ ಹಾದುಹೋದವು. ಯಂತ್ರ ಪೂರ್ಣ ವಿಶ್ವಾಸದಿಂದ ಮುಗಿಸಿ ಮೂಲೆಗೆ ಹೋಗಿ ನಿಂತಿತು. ಮಕ್ಕಳು ಕೇಕೆ ಹಾಕಿ ವಾಪಸು ಬಂದರು. ಆಮೇಲೆ ಒಂಬತ್ತೂವರೆಯ ತನಕ ಎಳೆಯುವುದೇ ಆಟ. ಹುಡುಗರಿಗೆ ಬೆಲ್ಟಿನ ಚಿಂತೆ, ನನಗೆ ಬೇರೆ ಚಿಂತೆ. ಆ ಸಂಜೆ ಯಂತ್ರದಲ್ಲಿ ಸಂವಾದ ಅನ್ನುವಂಥದ್ದು ಏನಾದರೂ ನಡೆದಿದ್ದರೆ ಅದು ಆ ಎಳೆತದಲ್ಲಿ. ಆದರೆ ಅದರಲ್ಲೂ ಯಂತ್ರದ ಕಡೆಯಿಂದ ಉತ್ತರ ಇರಲಿಲ್ಲ.

ಆಮೇಲೆ ಸ್ವಲ್ಪ ದಿನ ಓದಿದೆ. ನಮ್ಮ ಹಿಂದಿನವರು ಇದನ್ನು ಹೇಗೆ ಎದುರಿಸಿದರು ಅಂತ. ಲೋಲಕಕ್ಕೆ ಮರಳಿನ ಡಬ್ಬಿ ಕಟ್ಟಿ ಚಿತ್ರ ಬರೆಸುವ ವಿದ್ಯೆ ಹಳೆಯದು. ಎರಡು ದಿಕ್ಕಿನಲ್ಲಿ ಬೇರೆ ಬೇರೆ ವೇಗದಲ್ಲಿ ತೂಗುವ ಲೋಲಕವನ್ನು ಹ್ಯೂ ಬ್ಲ್ಯಾಕ್‌ಬರ್ನ್ 1844ರಲ್ಲಿ ವಿವರಿಸಿದ. ಮುಂದೆ ಹಾರ್ಮೋನೋಗ್ರಾಫ್ ಅಂತ ವಿಕ್ಟೋರಿಯನ್ ಮನೆಗಳ ದಿವಾನಖಾನೆಯ ಆಟಿಕೆಯಾಗಿದ್ದು ಇದರದೇ ಸಂತಾನ. ಕಸದಿಂದ ಆಟಿಕೆ ಮಾಡಿ ಕಲಿಸಿದ ಅರವಿಂದ ಗುಪ್ತಾ ಅವರು ಕೆಲಸ ಮಾಡಿದ ಊರಿದು, ಇಲ್ಲಿ ಬಾಟಲಿ, ದಾರ, ಮರಳು ಇದ್ದರೆ ಸಾಕು ಅಂತ ಯಾವ ಶಾಲೆಯ ಹುಡುಗನಿಗಾದರೂ ಹೊಳೆದೀತು. ಇದರಲ್ಲೂ ನಾವು ಮಾಡುವುದು ಆರಂಭದ ಒಂದು ತಳ್ಳು ಮಾತ್ರ. ಆದರೂ ನಮ್ಮ ಯಂತ್ರಕ್ಕಿಂತ ಅದು ಮೇಲು ಅಂತ ನನಗನ್ನಿಸುತ್ತದೆ. ಗಾಳಿಯ ತಡೆಗೆ, ದಾರದ ಸವೆತಕ್ಕೆ ತೂಗು ಕಡಿಮೆಯಾಗುತ್ತ ಬರುತ್ತದಲ್ಲ, ಆ ಕುಂದುವಿಕೆಯೇ ಒಂದರೊಳಗೊಂದು ಸುರುಳಿಯಾಗಿ ಕಾಣುತ್ತದೆ. ತನ್ನ ದಣಿವನ್ನು ಮುಚ್ಚಿಡದ ಯಂತ್ರ ಅದು.

ಸ್ಪೈರೋಗ್ರಾಫ್ ಇನ್ನೂ ಹತ್ತಿರದ್ದು. ಇಂಗ್ಲೆಂಡಿನ ಡೆನಿಸ್ ಫಿಶರ್ ಅದನ್ನು 1965ರಲ್ಲಿ ಆಟಿಕೆಯಾಗಿ ಮಾರಾಟಕ್ಕೆ ತಂದ. ನಾನು ಕಂಡಿದ್ದು ಬಾದಾಮಿ ಬನಶಂಕರಿ ಜಾತ್ರೆಯಲ್ಲಿ, ಹಲ್ಲಿನ ತೂತುಗಳಿದ್ದ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯಾಗಿ. 96 ಹಲ್ಲಿನ ಬಳೆಯೊಳಗೆ 36 ಹಲ್ಲಿನ ಗಾಲಿ ಉರುಳಿಸಿದರೆ ಮೂರು ಸುತ್ತಿಗೆ ಎಂಟೆಸಳಿನ ಹೂವು ಕೂಡಿಕೊಳ್ಳುತ್ತದೆ. ಎರಡಕ್ಕೂ ಇರುವ ಮಹತ್ತಮ ಸಾಮಾನ್ಯ ಭಾಜಕ 12, 96ನ್ನು 12ರಿಂದ ಭಾಗಿಸಿದರೆ ಎಂಟು. ಏಳನೇ ತರಗತಿಯಲ್ಲಿ ಮ.ಸಾ.ಭಾ. ಯಾಕೆ ಕಲಿಯಬೇಕು ಅಂತ ಕೇಳಿದ್ದಕ್ಕೆ ಪೆಟ್ಟು ತಿಂದಿದ್ದೆ. ಉತ್ತರ ಜೇಬಿನಲ್ಲೇ ಇತ್ತು. ಆ ಪಟ್ಟಿಯ ಹೆಚ್ಚುಗಾರಿಕೆ ಇಷ್ಟೆ: ಕೈ ಕೊನೆತನಕ ಅದರ ಮೇಲೇ ಇರಬೇಕು. ಒತ್ತಿದರೆ ಹಲ್ಲು ಜಾರುತ್ತದೆ, ಸಡಿಲ ಬಿಟ್ಟರೂ ಜಾರುತ್ತದೆ, ಜಾರಿದ್ದು ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಆದರೆ ಜಾರಿದ ಮೇಲೆ ಮಾಡುವುದಕ್ಕೇನಿಲ್ಲ. ಹಾಳೆ ಹರಿದು ಇನ್ನೊಂದು.

ಕಲಾವಿದರ ಕಡೆ ಹೋದರೆ ಜಾನ್ ಟಿಂಗೆಲಿ ಸಿಗುತ್ತಾನೆ. 1959ರಲ್ಲಿ ಪ್ಯಾರಿಸ್ಸಿನ ಇರಿಸ್ ಕ್ಲೆರ್ ಗ್ಯಾಲರಿಯಲ್ಲಿ ಮೆಟಾ-ಮ್ಯಾಟಿಕ್ ಅನ್ನುವ ಚಿತ್ರಯಂತ್ರಗಳನ್ನಿಟ್ಟು, ಬಂದವರೇ ಚಿತ್ರ ಬರೆಸಿಕೊಂಡು ಹೋಗಲಿ ಅಂದ. ಕೈಬೀಸಿ ಬಣ್ಣ ಎರಚಿ ಆತ್ಮವನ್ನು ಹೊರಹಾಕುತ್ತಿದ್ದೇವೆ ಅನ್ನುತ್ತಿದ್ದ ಅಂದಿನ ಅಮೂರ್ತ ಚಿತ್ರಕಾರರಿಗೆ ಇದು ನೇರ ಚೇಷ್ಟೆ. ಆತ್ಮವಿಲ್ಲದ ಕಬ್ಬಿಣದ ಕಡ್ಡಿಗಳೂ ಅದನ್ನೇ ಮಾಡಬಲ್ಲವು ಅಂತ. ವಿಡಿಯೊದಲ್ಲಿ ನೋಡಿ ಬಿದ್ದು ಬಿದ್ದು ನಕ್ಕಿದ್ದೇನೆ. ಆದರೆ ಚೇಷ್ಟೆ ಒಂದು ಸಲಕ್ಕೆ ಸಾಕು. ಎರಡನೇ ಚಿತ್ರವನ್ನು ಯಾರಾದರೂ ಯಾಕೆ ಬರೆಸಬೇಕು ಅನ್ನುವುದಕ್ಕೆ ಟಿಂಗೆಲಿಯಲ್ಲಿ ಉತ್ತರವಿಲ್ಲ, ಅವನಿಗೆ ಬೇಕಾಗಿಯೂ ಇರಲಿಲ್ಲ.

ನನಗೆ ಹೆಚ್ಚು ಹಿಡಿಸಿದವನು ಡೆಸ್ಮಂಡ್ ಪಾಲ್ ಹೆನ್ರಿ. ಮ್ಯಾಂಚೆಸ್ಟರಿನಲ್ಲಿ ತತ್ವಶಾಸ್ತ್ರದ ಅಧ್ಯಾಪಕ. ಎರಡನೇ ಮಹಾಯುದ್ಧದಲ್ಲಿ ವಿಮಾನದಿಂದ ಬಾಂಬನ್ನು ಗುರಿಗೆ ಬೀಳಿಸಲು ಲೆಕ್ಕ ಹಾಕುತ್ತಿದ್ದ ಯಂತ್ರಗಳನ್ನು ಗುಜರಿಯಿಂದ ತಂದು, 1960ರ ದಶಕದಲ್ಲಿ ಅವುಗಳಿಂದ ಚಿತ್ರ ಬರೆಸಿದ. 1968ರಲ್ಲಿ ಲಂಡನ್ನಿನ ಸೈಬರ್ನೆಟಿಕ್ ಸೆರೆಂಡಿಪಿಟಿ ಪ್ರದರ್ಶನದಲ್ಲಿ ಅವನ ಯಂತ್ರವೂ ಇತ್ತು. ಅವನ ಯಂತ್ರಗಳಿಗೆ ಮೊದಲೇ ಆಜ್ಞೆ ತುಂಬಿಸಿಡಲು ಬರುತ್ತಿರಲಿಲ್ಲ, ಒಂದು ಚಿತ್ರ ಇನ್ನೊಮ್ಮೆ ಹಾಗೇ ಬರುತ್ತಿರಲಿಲ್ಲ. ಚಿತ್ರ ನಡೆಯುತ್ತಿರುವಾಗಲೇ ಅವನು ಕೈ ಹಾಕಿ ತಿರುಗಿಸುತ್ತಿದ್ದ. ಬಾಂಬಿನ ಲೆಕ್ಕ ತಪ್ಪಬಾರದು ಅಂತ ಕಟ್ಟಿದ ಸಲಕರಣೆ ತನ್ನ ಸಡಿಲು ತಿರುಪಿನಿಂದ ಚಿತ್ರಕಾರನಾದದ್ದು ನನಗೆ ಒಳ್ಳೆಯ ಕಥೆಯಂತೆ ಕಾಣುತ್ತದೆ. ನಮ್ಮ ಹುಡುಗ ಬೆಲ್ಟು ಎಳೆದದ್ದು ಈ ವಂಶದ್ದು.

ಇಷ್ಟೆಲ್ಲ ಪಶ್ಚಿಮವಾಯಿತು. ರಂಗೋಲಿಯನ್ನೇ ಕಂಪ್ಯೂಟರಿನ ಮುಂದೆ ಇಟ್ಟವರು ನಮ್ಮ ಪಕ್ಕದಲ್ಲೇ ಇದ್ದರು. ಮದ್ರಾಸಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ, ಕಮಲಾ ಕೃತಿವಾಸನ್ 1974ರಲ್ಲಿ ಕೋಲಂ ಚಿತ್ರಗಳಿಗೆ ವ್ಯಾಕರಣ ಬರೆದರು. ಭಾಷೆಗೆ ವ್ಯಾಕರಣ ಇದ್ದ ಹಾಗೆಯೇ: ಕೆಲವು ಚಿಹ್ನೆ, ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವ ಕೆಲವು ನಿಯಮ, ಅದರಿಂದ ಹುಟ್ಟುವ ಎಷ್ಟೋ ಚಿತ್ರ. ರಂಗೋಲಿಯನ್ನು ಅಲಂಕಾರ ಅನ್ನದೆ ಭಾಷೆ ಅಂದದ್ದು ದೊಡ್ಡ ಹೆಜ್ಜೆ. ಹೆಚ್ಚೂಕಡಿಮೆ ಅದೇ ಹೊತ್ತಿಗೆ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತವನ ಸಂಗಾತಿಗಳು ಲೋಗೊ ಭಾಷೆಯ ಆಮೆಯನ್ನು ನೆಲದ ಮೇಲೆ ಓಡಿಸುತ್ತಿದ್ದರು. ಸ್ವಲ್ಪ ಮುಂದೆ ಹೋಗು, ಸ್ವಲ್ಪ ತಿರುಗು, ಮತ್ತೆ ಹಾಗೇ ಮಾಡು ಅಂದರೆ ವೃತ್ತ. ಮಗುವಿಗೆ ವೃತ್ತ ಅರ್ಥವಾಗದಿದ್ದರೆ ನೀನೇ ಎದ್ದು ನಡೆದು ನೋಡು ಅನ್ನುವುದು ಅಲ್ಲಿಯ ಪಾಠ. ತಪ್ಪು ಬಂದರೆ ಅಳಿಸುವುದಲ್ಲ, ಎಲ್ಲಿ ತಪ್ಪಿತು ಅಂತ ಹುಡುಕುವುದು. ಪ್ಯಾಪರ್ಟನ ಆಮೆಯನ್ನು ಬಿಟ್ಟು ಗುಂಡಿಗಳ ಕಡೆ ಹೋದದ್ದೇ ನಮ್ಮ ಮೂಲ ದೋಷ ಅಂತ ತಿಳಿದು ಯಂತ್ರದ ಎರಡನೇ ರೂಪಕ್ಕೆ ಕೈಹಾಕಿದೆವು.

ಈ ಸಲ ಯಂತ್ರ ಒಂದೊಂದು ಚುಕ್ಕಿಯ ಹತ್ತಿರವೂ ನಿಂತು ಕೇಳುತ್ತದೆ. ಜಾಯ್‌ಸ್ಟಿಕ್ಕನ್ನು ಎಡಕ್ಕೆ, ಬಲಕ್ಕೆ, ಸುತ್ತಿಗೆ ತಳ್ಳಿದರೆ ಎಳೆ ಹಾಗೆ ಹೋಗುತ್ತದೆ. ಎಳೆ ಮತ್ತೆ ಹೊರಟಲ್ಲಿಗೇ ಬಂದರೆ ಒಂದು ಗಂಟೆ ಬಾರಿಸುತ್ತದೆ. ಮಕ್ಕಳಿಗೆ ಇದು ನಿಜಕ್ಕೂ ಹಿಡಿಸಿತು. ಎಲ್ಲ ಚುಕ್ಕಿಗಳನ್ನೂ ಒಂದೇ ಎಳೆಯಲ್ಲಿ ಸುತ್ತಬೇಕು ಅನ್ನುವ ಪಂದ್ಯ ತಾನಾಗಿ ಹುಟ್ಟಿತು. ಅಂಚಿನಲ್ಲಿ ತಿರುಗಿ, ನಡುವೆ ಎಲ್ಲ ಕಡೆ ಅಡ್ಡಹಾಯ್ದು ಹೋಗುವ ಸಾದಾ ಹೆಣಿಗೆಯಾದರೆ ಎಳೆಗಳೆಷ್ಟು ಅನ್ನುವುದು ಮತ್ತೆ ಅದೇ ಮ.ಸಾ.ಭಾ. 5 ಸಾಲು 7 ಚುಕ್ಕಿಗೆ ಒಂದೇ ಎಳೆ. 4 ಮತ್ತು 6ಕ್ಕೆ ಎರಡು. 6 ಮತ್ತು 6ಕ್ಕೆ ಬೇರೆ ಬೇರೆ ಆರು ಎಳೆ. ಅಂಗೋಲಾದ ಚೋಕ್ವೆ ಜನ ಮರಳ ಮೇಲೆ ಬರೆಯುವ ಸೋನಾ ಚಿತ್ರಗಳಲ್ಲೂ ಚುಕ್ಕಿ ಸುತ್ತುವ ಇದೇ ಲೆಕ್ಕವಿದೆ ಅಂತ ಮೊಝಾಂಬಿಕ್ಕಿನ ಗಣಿತಜ್ಞ ಪಾಲಸ್ ಗೆರ್ಡೆಸ್ ತೋರಿಸಿಕೊಟ್ಟ. ಇದನ್ನೆಲ್ಲ ಉತ್ಸಾಹದಿಂದ ಅವ್ವನಿಗೆ ಹೇಳಿದೆ. "ಸರಿ-ಸರಿ ಬಂದ್ರ ಎಳಿ ಕೂಡಂಗಿಲ್ಲ, ಒಂದು ಹೆಚ್ಚು ಇಡಬೇಕು" ಅಂದಳು. 6ಕ್ಕೆ 7 ಇಟ್ಟರೆ ಭಾಜಕ ಒಂದೇ. ಅವಳ ಸೂತ್ರಕ್ಕೆ ಸಾಧನೆಯ ಅಗತ್ಯ ಬಿದ್ದಿರಲಿಲ್ಲ.

ಸಾಹಿತ್ಯದ ಪತ್ರಿಕೆಯಲ್ಲಿ ಬರೆಯುತ್ತಿರುವುದರಿಂದ ಒಂದು ಅಡ್ಡಮಾತು. ಚುಕ್ಕಿಯಿಂದ ಚುಕ್ಕಿಗೆ ದಾರಿ ಹುಡುಕುವ ಆಟ ನಮ್ಮ ಕಾವ್ಯದಲ್ಲೂ ಇದೆ. ದಂಡಿಯ ಕಾವ್ಯಾದರ್ಶದ ಮೂರನೇ ಪರಿಚ್ಛೇದದಲ್ಲಿ ಬರುವ ಗೋಮೂತ್ರಿಕೆ, ಸರ್ವತೋಭದ್ರ ನೆನಪಿಸಿಕೊಳ್ಳಿ. ಸಿರಿಭೂವಲಯವಂತೂ ಅಡ್ಡ 27, ಉದ್ದ 27 ಮನೆಗಳ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕಿಗಳನ್ನು ತುಂಬಿ, ಯಾವ ಬಂಧದಲ್ಲಿ ನಡೆದರೆ ಯಾವ ಓದು ಅನ್ನುತ್ತದೆ. ಅದರ ಕಾಲದ ಬಗೆಗಿನ ಜಗಳ ಇಲ್ಲಿ ಬೇಡ. ಚಿತ್ರಕಾವ್ಯವನ್ನು ನಮ್ಮ ಮೇಷ್ಟ್ರುಗಳು ಕಸರತ್ತು ಅಂತ ತಳ್ಳಿಹಾಕುತ್ತಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಅಷ್ಟು ಸಲೀಸಾಗಿ ಅನ್ನಲಾರೆ. ಓದುಗ ಬೆರಳಿಟ್ಟು ನಡೆದ ಹೊರತು ಅಲ್ಲಿ ಕಾವ್ಯವೇ ಇಲ್ಲ, ಒಂದು ಅಕ್ಷರ ತಪ್ಪಿದರೆ ಬೆರಳಿಗೆ ಗೊತ್ತಾಗುತ್ತದೆ. ಸಂವಾದಿ ಅನ್ನುವ ಪದಕ್ಕೆ ಅವು ನಮ್ಮ ಮೊದಲ ಯಂತ್ರಕ್ಕಿಂತ ಹೆಚ್ಚು ಯೋಗ್ಯ.

ಎರಡನೇ ರೂಪವನ್ನು ಅವ್ವನ ಮುಂದಿಟ್ಟೆ. ಜಾಯ್‌ಸ್ಟಿಕ್ಕು ಹಿಡಿದು ನಾಲ್ಕು ಚುಕ್ಕಿ ಸುತ್ತಿದಳು. ಬಿಟ್ಟಳು. "ಇದು ಕೇಳಿ ಕೇಳಿ ತಲಿ ತಿಂತೈತಿ" ಅಂದಳು. ಅದು ಸರಿಯಾದ ವಿಮರ್ಶೆ. ಕೈ ಒಂದು ಚುಕ್ಕಿಯ ಬಳಿ ಇರುವಾಗ ಅವಳ ಕಣ್ಣು ಮುಂದಿನ ಐದು ಚುಕ್ಕಿಗಳ ಮೇಲಿರುತ್ತದೆ. ನಮ್ಮ ಯಂತ್ರ ಪ್ರತಿ ಚುಕ್ಕಿಗೂ ನಿಲ್ಲಿಸಿ ಅಪ್ಪಣೆ ಕೇಳಿದರೆ ಓದುವವನನ್ನು ಪ್ರತಿ ಪದಕ್ಕೂ ನಿಲ್ಲಿಸಿ ಅರ್ಥ ಕೇಳಿದಂತೆ. ಕೇಳದಿದ್ದರೂ ತಪ್ಪು, ಕೇಳಿದರೂ ತಪ್ಪು ಅಂತ ಹುಡುಗರು ಮುನಿಸಿಕೊಂಡರು.

ಹಾಗಾದರೆ ಏನು ಬೇಕು ಅಂತ ಆಗ ಕೇಳಿದೆ. ನಾಲ್ಕು ತಿಂಗಳ ಮೇಲೆ, ಮೊದಲ ಬಾರಿಗೆ. "ಚುಕ್ಕಿ ಅಷ್ಟ ಇಡಿಸು. ಎಳಿ ನಾ ಎಳಕೊಂತೀನಿ. ಹಲಗಿ ಮ್ಯಾಲಿದ್ರ ಬಗ್ಗೂದು ಎಲ್ಲೈತಿ?"

ನಾನು ಬೇರೆಯದನ್ನು ನಿರೀಕ್ಷಿಸಿದ್ದೆ ಅಂತ ಒಪ್ಪಿಕೊಳ್ಳಬೇಕು. ಯಂತ್ರದ ಚುಕ್ಕಿ ತೀರಾ ಒಂದೇ ಸಮ, ಕೈಯ ಚುಕ್ಕಿಯಲ್ಲಿ ಜೀವ ಇರುತ್ತದೆ ಅಂತ ಅವಳು ಹೇಳುತ್ತಾಳೆ, ನಾನದನ್ನು ಒಂದು ಒಳ್ಳೆಯ ಲೇಖನವಾಗಿಸುತ್ತೇನೆ ಅಂದುಕೊಂಡಿದ್ದೆ. ಅವಳಿಗೆ ಒಂದೇ ಸಮನಾದ ಚುಕ್ಕಿಯೇ ಬೇಕಾಗಿತ್ತು. ಚುಕ್ಕಿ ವಾರೆಯಾದರೆ ಎಳೆ ಸೊಟ್ಟ. ಐವತ್ತು ವರ್ಷ ಅವಳಿಗೆ ಬೇಸರ ತಂದಿದ್ದು ಚುಕ್ಕಿ ಇಡುವುದೇ. ಹದಿನೈದರಿಂದ ಎಂಟಕ್ಕೆ ಇಳಿಯುವ ಸಂದು ಚುಕ್ಕಿ ಅಂದರೆ 169 ಚುಕ್ಕಿ, ಅಷ್ಟು ಸಲ ಬಗ್ಗಿದ ಬೆನ್ನನ್ನು ಸರಿಸಬೇಕು. ಕೈಕೆಲಸದ ಅಸಮಾನತೆಯೇ ಅದರ ಸೌಂದರ್ಯ ಅಂತ ಬರೆಯುವವರಲ್ಲಿ ಬಹುಪಾಲು ಜನ ಆ ಕೈಕೆಲಸ ಮಾಡದವರು. ನನ್ನನ್ನೂ ಸೇರಿಸಿ.

ಎದುರು ಮನೆಯ ಕಾಕು ಇದನ್ನು ಕೇಳಿ ಒಳಗೆ ಹೋಗಿ ಒಂದು ಹಳೆಯ ಕಾಗದ ತಂದರು. ಊದಿನಕಡ್ಡಿಯಿಂದ ಸಮ ಅಂತರದಲ್ಲಿ ತೂತು ಸುಟ್ಟ ಕಾಗದ. ನೆಲಕ್ಕೆ ಹಾಸಿ ಮೇಲೆ ಪುಡಿ ಎಳೆದು ಕಾಗದ ಎತ್ತಿದರೆ ಚುಕ್ಕಿ ಸಿದ್ಧ. ಮಹಾರಾಷ್ಟ್ರದಲ್ಲಿ ಮನೆಮನೆಯ ಮಾತು ಇದು. ಸ್ಟಿಕ್ಕರ್ ಅಂಟಿಸುವ ಮೊದಲು ಅವರೂ ದಿನಾ ಠಿಪಕ್ಯಾಂಚಿ ರಾಂಗೋಳಿ ಹಾಕುತ್ತಿದ್ದವರಂತೆ, ಸೊಂಟ ಕೈಕೊಟ್ಟ ಮೇಲೆ ಬಿಟ್ಟದ್ದು. ಸ್ಟಿಕ್ಕರನ್ನು ನೋಡಿ ನಾನು ಅವರ ಬಗ್ಗೆ ಕಟ್ಟಿಕೊಂಡಿದ್ದ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮೋಟಾರು, ಬೆಲ್ಟು, ಬೋರ್ಡು ಸೇರಿ ಸಾವಿರಾರು ರೂಪಾಯಿಯ ಯಂತ್ರ ಕೊನೆಗೆ ಒಂದು ಊದಿನಕಡ್ಡಿಯ ಕೆಲಸಕ್ಕೆ ಬಂದು ನಿಂತಿತು. ಹುಡುಗರಿಗೆ ಹೇಳಲಿಲ್ಲ.

ಅಂದಿನಿಂದ ಬೆಳಿಗ್ಗೆ ಯಂತ್ರ ಚುಕ್ಕಿ ಇಡುತ್ತಿತ್ತು, ಅವ್ವ ಹಳಿಯನ್ನು ಪಕ್ಕಕ್ಕೆ ಸರಿಸಿ, ಎತ್ತರದ ಕುರ್ಚಿಯಲ್ಲಿ ಕೂತು ಎಳೆ ಎಳೆಯುತ್ತಿದ್ದಳು. ಹೆಬ್ಬೆರಳು ತೋರುಬೆರಳ ನಡುವೆ ಪುಡಿ ಉದುರುವುದನ್ನು ಅಷ್ಟು ಹತ್ತಿರದಿಂದ, ಕಣ್ಣಿನ ಮಟ್ಟದಲ್ಲಿ ನಾನು ನೋಡಿದ್ದು ಅದೇ ಮೊದಲು. ಸಣ್ಣವನಿದ್ದಾಗ ಮೇಲಿನಿಂದ ನೋಡಿದ್ದೆ, ದಾಟಿಕೊಂಡು ಹೋಗುತ್ತ. ಎಳೆಯ ದಪ್ಪ ಬೆರಳ ಒತ್ತಡದಿಂದಲ್ಲ, ಕೈಯ ವೇಗದಿಂದ ಬರುತ್ತದೆ. ತಿರುವಿನಲ್ಲಿ ಕೈ ನಿಧಾನವಾದರೆ ಅಲ್ಲಿ ಪುಡಿ ಗುಡ್ಡೆಯಾಗಬೇಕು, ಆಗುತ್ತಿರಲಿಲ್ಲ, ಅವಳು ತಿರುವಿಗೆ ಬರುವ ಮೊದಲೇ ಬೆರಳು ಬಿಗಿ ಮಾಡುತ್ತಿದ್ದಳು.

ಒಂದು ದಿನ ಎಳೆ ತಪ್ಪಿತು. ಬಲಗಡೆಯ ಮೂರನೇ ಸಾಲಿನಲ್ಲಿ ಚುಕ್ಕಿಯ ಹೊರಗಿಂದ ಬರಬೇಕಾದದ್ದು ಒಳಗಿಂದ ಬಂದು, ಎರಡು ಚುಕ್ಕಿ ಒಂದೇ ಗೂಡಿನಲ್ಲಿ ಬಿದ್ದವು. ಅವಳು ಕೈ ತಡೆದಳು. ಅಳಿಸುತ್ತಾಳೆ ಅಂದುಕೊಂಡೆ. ಎರಡು ಉಸಿರಿನಷ್ಟು ಹೊತ್ತು ಹಲಗೆಯನ್ನು ನೋಡಿ, ಎಡಗಡೆಯ ಮೂರನೇ ಸಾಲಿನಲ್ಲೂ ಹಾಗೇ ಎರಡು ಚುಕ್ಕಿ ಕೂಡಿಸಿದಳು. ಆಮೇಲೆ ಮೇಲೆ, ಆಮೇಲೆ ಕೆಳಗೆ. ನಾಲ್ಕು ಕಡೆ ನಾಲ್ಕು ಜೋಡಿ. ಮೊದಲಿಲ್ಲದ ಹೊಸ ರಂಗೋಲಿ. "ನಾಕೂ ಕಡಿ ಹಂಗ ಮಾಡಿದ ಮ್ಯಾಲ ತಪ್ಪು ಯಾವ ಕಡಿ ಐತಿ, ಹೇಳು" ಅಂತ ನಕ್ಕಳು. ರಂಗೋಲಿ ಹಾಕುವ ಎಲ್ಲ ಹೆಂಗಸರಿಗೂ ಗೊತ್ತಿರುವ ಉಪಾಯ ಅಂತೆ. ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಇದನ್ನು ಕೇಳಿ ಹುಡುಗರು ಅದೇ ರಾತ್ರಿ ಪ್ರೋಗ್ರಾಮಿಗೆ ಒಂದು ಗುಂಡಿ ಸೇರಿಸಿದರು. ನಡುವೆ ಎಳೆಯನ್ನು ಎಲ್ಲಿ ತಿರುಗಿಸಿದರೂ, ಗುಂಡಿ ಒತ್ತಿದರೆ ಅದೇ ತಿರುವನ್ನು ತೊಂಬತ್ತು, ನೂರೆಂಬತ್ತು, ಇನ್ನೂರೆಪ್ಪತ್ತು ಡಿಗ್ರಿಗೆ ಹೊರಳಿಸಿ ಉಳಿದ ಮೂರು ಕಡೆ ಹಾಕುತ್ತದೆ. ಕಷ್ಟದ ಕೆಲಸವೇನಲ್ಲ. ಮಾರನೇ ದಿನ ತೋರಿಸಿದರು. ಯಾವ ಹುಚ್ಚು ಗೆರೆ ಎಳೆದರೂ ಯಂತ್ರ ಅದನ್ನು ನಾಲ್ಕಾಗಿಸಿ ಒಪ್ಪವಾದ ಚಿತ್ರ ಮಾಡುತ್ತಿತ್ತು. ನೋಡಲು ಚೆನ್ನ. ಆದರೆ ಹತ್ತು ಚಿತ್ರವಾದ ಮೇಲೆ ಅವೆಲ್ಲ ಒಂದೇ ಬಗೆಯಲ್ಲಿ ಚೆನ್ನ ಅನ್ನಿಸತೊಡಗಿತು, ಮೊಬೈಲಿನ ಕನ್ನಡಿ ಫಿಲ್ಟರಿನ ಹಾಗೆ. ಅವ್ವ ಎಲ್ಲ ತಪ್ಪನ್ನೂ ನಾಲ್ಕು ಮಾಡುತ್ತಿರಲಿಲ್ಲ. ಹೆಚ್ಚಿನವನ್ನು ಒದ್ದೆ ಬೆರಳಿನಿಂದ ಒರೆಸಿಬಿಡುತ್ತಿದ್ದಳು. ಕೆಲವನ್ನು ಮಾತ್ರ ಉಳಿಸಿ ಸುತ್ತ ಹಬ್ಬಿಸುತ್ತಿದ್ದಳು. ಯಾವುದನ್ನು ಯಾಕೆ ಅಂತ ಹುಡುಗರು ಕೂತು ಕೇಳಿದರು, ನಿಯಮ ಸಿಕ್ಕರೆ ಬರೆದುಬಿಡೋಣ ಅಂತ. "ಅದು ಅಲ್ಲಿ ಒಪ್ಪತೈತೋ ಇಲ್ಲೋ ನೋಡಬೇಕು" ಅನ್ನುವುದಕ್ಕಿಂತ ಹೆಚ್ಚು ಅವಳಿಂದ ಹೊರಡಲಿಲ್ಲ.

ಆ ನೋಡುವ ಎರಡು ಉಸಿರಿನ ಹೊತ್ತನ್ನು ನಮ್ಮ ಯಂತ್ರದಲ್ಲಿ ಎಲ್ಲಿಡಬೇಕು ಅಂತ ನಮಗೆ ಹೊಳೆಯಲಿಲ್ಲ. ಮೇಲೆ ಕ್ಯಾಮೆರಾ ಹಾಕಿದರೆ ಎಳೆ ತಪ್ಪಿದ್ದು ಯಂತ್ರಕ್ಕೆ ಕಂಡೀತು, ತಿದ್ದಿಯೂ ತಿದ್ದೀತು. ವಿಜಯಪುರದವನು ಅದರ ಹಿಂದೆ ಬಿದ್ದಿದ್ದಾನೆ. ಸೊಲ್ಲಾಪುರದವನು ಬೇಡ ಅನ್ನುತ್ತಾನೆ: ಯಂತ್ರ ಚುಕ್ಕಿ ಇಟ್ಟು ಸುಮ್ಮನಾಗುವುದನ್ನು ಕಲಿತಿದೆ, ಅಷ್ಟು ಸಾಕು, ಇನ್ನು ಅದಕ್ಕೆ ಮಾತು ಕಲಿಸಬೇಡಿ ಅಂತ. ನಾನು ಈಚೆಗೆ ಸೊಲ್ಲಾಪುರದ ಕಡೆ ವಾಲುತ್ತಿದ್ದೇನೆ. ಆದರೆ ಇಪ್ಪತ್ತೊಂದು ವರ್ಷದ ಹುಡುಗ ಕ್ಯಾಮೆರಾ ಹಾಕುತ್ತೇನೆ ಅಂದರೆ ತಡೆಯುವುದು ಹೇಗೆ?

ದಸರೆ ಮುಗಿಸಿ ಅವ್ವ ಊರಿಗೆ ಹೋದಳು. ಅಲ್ಲಿ ಕಟ್ಟೆಯ ಮೇಲೆ ಒಂದು ಹಲಗೆ ಹಾಕಿಸಿಕೊಂಡಿದ್ದಾಳೆ. ಚುಕ್ಕಿಗೆ ಕಾಕು ಕೊಟ್ಟ ಕಾಗದ. ನಮ್ಮ ಯಂತ್ರ ಇಲ್ಲೇ ಮೇಜಿನ ಮೇಲಿದೆ. ಹೋದ ಶನಿವಾರ ಏಳರಿಂದ ನಾಲ್ಕಕ್ಕೆ ಸಂದು ಚುಕ್ಕಿ ಇಡಿಸಿ, ಬಾಗಿಲು ಹಾಕಿಕೊಂಡು ನಾನೇ ಕೂತೆ. ಎರಡು ಸಲ ಪುಡಿ ಗುಡ್ಡೆ ಬಿತ್ತು, ಒಂದು ಸಲ ಎಳೆ ತಪ್ಪಿತು. ಒರೆಸಿ, ಮುಗಿಸಿ, ಫೋಟೊ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನು ಬಂತು.

"ಎಡಗಡಿ ಎರಡನೇ ಸಾಲು ನೋಡು," ಅಂದಳು. ನೋಡಿದೆ. ಅಲ್ಲೂ ತಪ್ಪಿತ್ತು.